ನೀಲಿ ಪ್ರಶ್ನಾರ್ಥಕ ಚಿಹ್ನೆಯ ಡಬ್ಬಿಗಳು

ಜಿಯೋಕ್ಯಾಶಿಂಗ್ ಎಂದರೆ ಯಾರೋ ಅಡಗಿಸಿಟ್ಟ ಡಬ್ಬಿಯನ್ನು ಜಿಪಿಎಸ್ ನೆರವಿನಿಂದ ಹುಡುಕುವ ಆಟ. ಅದನ್ನು ಆಡುವ ನನ್ನ ಗೆಳೆಯರಲ್ಲಿ ಹಲವರು ನಕ್ಷೆಯಲ್ಲಿ ನೀಲಿ ಪ್ರಶ್ನಾರ್ಥಕ ಚಿಹ್ನೆ ಕಂಡೊಡನೆ ಅದನ್ನು ಬಿಟ್ಟು ಮುಂದಿನ ಡಬ್ಬಿಯತ್ತ ಹೊರಡುತ್ತಾರೆ. ಅದು ಒಗಟಿನ ಡಬ್ಬಿಯ, ಅಂದರೆ ಮಿಸ್ಟರಿ ಕ್ಯಾಶ್‌ನ ಗುರುತು. ನಕ್ಷೆ ತೋರಿಸುವ ಜಾಗದಲ್ಲಿ ಸಾಮಾನ್ಯವಾಗಿ ಡಬ್ಬಿ ಇರುವುದಿಲ್ಲ. ಆ ಡಬ್ಬಿಯ ವೆಬ್ ಪುಟದಲ್ಲಿರುವ ಒಗಟನ್ನು ಬಿಡಿಸಿದವರಿಗೆ ಮಾತ್ರ ನಿಜವಾದ ಅಕ್ಷಾಂಶ ರೇಖಾಂಶ ದೊರೆಯುತ್ತದೆ. "ಅದೆಲ್ಲ ಗಣಿತ ಗೊತ್ತಿರುವವರಿಗೆ" ಎಂದು ಅವರು ಹೇಳಿದಾಗ ನನಗೆ ಬೇಸರವಾಗುತ್ತದೆ, ಏಕೆಂದರೆ ಒಗಟಿನ ಮೊದಲ ಸಾಲನ್ನು ಓದುವ ಮುನ್ನವೇ ಉತ್ತರದ ದೊಡ್ಡ ಪಾಲು ನಮ್ಮ ಕೈಯಲ್ಲಿರುತ್ತದೆ.

ನಾನಿರುವ ಸಿಯಾಟಲ್ ನಗರವನ್ನೇ ತೆಗೆದುಕೊಳ್ಳಿ. ಇಲ್ಲಿ ಅಡಗಿಸಿದ ಯಾವ ಡಬ್ಬಿಯಾದರೂ ಉತ್ತರ 47 ಡಿಗ್ರಿ, ಪಶ್ಚಿಮ 122 ಡಿಗ್ರಿಯಲ್ಲೇ ಇರಬೇಕು. ಈ ಆಟದಲ್ಲಿ ಸ್ಥಳವನ್ನು ಡಿಗ್ರಿ, ನಿಮಿಷ (ಡಿಗ್ರಿಯ ಅರವತ್ತರಲ್ಲಿ ಒಂದು ಪಾಲು), ನಿಮಿಷದ ಮೂರು ದಶಮಾಂಶಗಳಾಗಿ ಬರೆಯುವುದರಿಂದ ಉತ್ತರಕ್ಕೆ 7 ಅಂಕಿ, ಪಶ್ಚಿಮಕ್ಕೆ 8, ಒಟ್ಟು 15 ಅಂಕಿಗಳಾಗುತ್ತವೆ. ತೋರಿಸಿದ ಜಾಗದಿಂದ ಡಬ್ಬಿ ಸಾಮಾನ್ಯವಾಗಿ 3.2 ಕಿಲೋಮೀಟರಿನೊಳಗೆ ಇರಬೇಕೆಂಬ ನಿಯಮವಿರುವುದರಿಂದ ನಿಮಿಷಗಳೂ ಎರಡು ಮೂರಕ್ಕಿಂತ ಹೆಚ್ಚು ಬದಲಾಗಲಾರವು. ನಿಜವಾಗಿ ತಿಳಿಯದೆ ಉಳಿಯುವುದು ಮುಖ್ಯವಾಗಿ ದಶಮಾಂಶದ ಆರು ಅಂಕಿಗಳು.

ಇದರ ಬೆಲೆ ನನಗೆ ತಿಳಿದದ್ದು ಒಂದು ಮಣಿಸರದ ಚಿತ್ರದಿಂದ. ಪುಟದಲ್ಲಿ ಬಣ್ಣದ ಮಣಿಗಳ ಸರವೊಂದನ್ನು ಬಿಟ್ಟರೆ ಬೇರೇನೂ ಇರಲಿಲ್ಲ. ಶೀರ್ಷಿಕೆಯಲ್ಲಿ ‘ರೆಸಿಸ್ಟ್’ ಎಂಬ ಪದವಿತ್ತು. ಹತ್ತು ದಿನ ನಾನು ಹೂಗಳ ಹೆಸರು, ಕಾಮನಬಿಲ್ಲಿನ ಕ್ರಮ, ಕಂಪ್ಯೂಟರಿನ ಬಣ್ಣಸಂಖ್ಯೆ ಎಂದು ಅಲೆದೆ. ಕೊನೆಗೆ ಮಣಿಗಳನ್ನು ಎಣಿಸಿದಾಗ ಅವು ಹದಿನೈದಿದ್ದವು. ಮೊದಲೆರಡರ ಕೆಳಗೆ 4 ಮತ್ತು 7 ಎಂದೂ ಎಂಟು, ಒಂಬತ್ತು, ಹತ್ತನೆಯವುಗಳ ಕೆಳಗೆ 1, 2, 2 ಎಂದೂ ಬರೆದೆ. ಹಳದಿ, ನೇರಳೆ, ಕಂದು, ಕೆಂಪು, ಕೆಂಪು. ಎರಡು 2 ಇರುವಲ್ಲಿಯೇ ಎರಡು ಕೆಂಪು ಮಣಿಗಳು ಅಕ್ಕಪಕ್ಕ ಕುಳಿತಿದ್ದವು. ತುಮಕೂರಿನಲ್ಲಿ ಡಿಪ್ಲೊಮಾ ಓದುವಾಗ ಲ್ಯಾಬಿನಲ್ಲಿ ಬಾಯಿಪಾಠ ಮಾಡಿದ್ದ ರೆಸಿಸ್ಟರ್ (ವಿದ್ಯುತ್ ಹರಿವಿಗೆ ತಡೆಯೊಡ್ಡುವ ಪುಟ್ಟ ಬಿಡಿಭಾಗ) ಮೇಲಿನ ಬಣ್ಣಗಳ ಕ್ರಮ ಆ ಕ್ಷಣ ನೆನಪಾಯಿತು: ಕಪ್ಪು 0, ಕಂದು 1, ಕೆಂಪು 2, ಕಿತ್ತಳೆ 3, ಹಳದಿ 4, ಹಸಿರು 5, ನೀಲಿ 6, ನೇರಳೆ 7, ಬೂದು 8, ಬಿಳಿ 9. ಉಳಿದ ಹತ್ತು ಮಣಿಗಳಿಗೆ ಐದು ನಿಮಿಷವೂ ಬೇಕಾಗಲಿಲ್ಲ. ಬಂದ ಸ್ಥಳ ಸರೋವರದ ನಡುವೆಯೋ ಯಾರದೋ ಮನೆಯ ಹಿತ್ತಲಲ್ಲೋ ಬೀಳದೆ ಒಂದು ಉದ್ಯಾನದ ಕಾಲುದಾರಿಯ ಅಂಚಿಗೇ ಬಿದ್ದಾಗ, ಯಾರನ್ನೂ ಕೇಳದೆ ಉತ್ತರ ಸರಿಯೆಂದು ನನಗೆ ಖಾತ್ರಿಯಾಯಿತು.

ಒಳ್ಳೆಯ ಒಗಟನ್ನು ನಾನು ಗುರುತಿಸುವುದು ಈ ಖಾತ್ರಿಯಿಂದಲೇ. ಬಿಡಿಸಲು ಬೇಕಾದ ವಿದ್ಯೆ ಪುಟದ ಹೊರಗಿರಬಹುದು, ಆದರೆ ಆ ವಿದ್ಯೆಯತ್ತ ಬೊಟ್ಟುಮಾಡುವ ಸುಳಿವು ಪುಟದೊಳಗೇ ಇರಬೇಕು. ಯಾವ ಸೂಚನೆಯನ್ನೂ ಕೊಡದೆ ನೂರು ವಿಧಾನಗಳಲ್ಲಿ ತಾನು ಬಳಸಿದ ಒಂದನ್ನು ಊಹಿಸಿರೆಂದು ಹೇಳಿ, ಕಠಿಣತೆಗೆ ಐದು ನಕ್ಷತ್ರ ಹಾಕಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ.

ಬಿಡಿಸಿದ ಉತ್ತರಗಳ ಪಟ್ಟಿಯನ್ನು ಗುಂಪುಗಳಲ್ಲಿ ಹಂಚುವುದನ್ನೂ ನಾನು ಒಪ್ಪಲಾರೆ. ಡಬ್ಬಿಯೊಳಗಿನ ಪುಸ್ತಕದಲ್ಲಿ ಸಹಿ ಹಾಕಿದರೆ ಹುಡುಕಿದ ಲೆಕ್ಕಕ್ಕೆ ಸೇರುತ್ತದೆಂಬುದು ನಿಜ. ಆದರೆ ವಾರಗಟ್ಟಲೆ ಕುಳಿತು ಆ ಮಣಿಗಳನ್ನು ಪೋಣಿಸಿದವರೊಬ್ಬರಿದ್ದಾರೆ. ಪಟ್ಟಿ ಹಿಡಿದು ಬಂದವರು ಅವರ ಸರವನ್ನು ನೋಡುವುದೇ ಇಲ್ಲ. ಸಿಕ್ಕಿಬಿದ್ದವರು ಒಗಟು ಮಾಡಿದವರಿಗೆ ತಾವು ಎಲ್ಲಿಯವರೆಗೆ ಬಂದಿದ್ದೇವೆಂದು ಬರೆದು ಒಂದು ಸುಳಿವು ಕೇಳಲಿ. ನಾನು ಬರೆದಾಗಲೆಲ್ಲ ಹೆಚ್ಚಿನವರು ಸಂತೋಷದಿಂದಲೇ ಉತ್ತರಿಸಿದ್ದಾರೆ.

ಈಗ ನಾನೂ ಒಂದು ಒಗಟು ಕಟ್ಟುತ್ತಿದ್ದೇನೆ. ಕರ್ನಾಟಕ ಸಂಗೀತದ ಮೇಳಕರ್ತ (ಮೂಲ) ರಾಗಗಳ ಹೆಸರಿನ ಮೊದಲ ಎರಡು ಅಕ್ಷರಗಳನ್ನು, ವ್ಯಂಜನಗಳಿಗೆ ಅಂಕಿ ಕೊಡುವ ಕಟಪಯಾದಿ ಕ್ರಮದಲ್ಲಿ ಅಂಕಿಗೆ ತಂದು ಹಿಂದುಮುಂದಾಗಿ ಓದಿದರೆ ಮೇಳದ ಸಂಖ್ಯೆ ಸಿಗುತ್ತದೆ: ‘ಸು’ ಎಂದರೆ 7, ‘ವ’ ಎಂದರೆ 4, ಹೀಗಾಗಿ ಸುವರ್ಣಾಂಗಿ 47ನೆಯ ಮೇಳ. ನಮ್ಮ ಊರಿನ ಅಕ್ಷಾಂಶ ಒಂದು ರಾಗದ ಹೆಸರಿನಲ್ಲಿ ಅಡಗಿದೆಯೆಂದು ತಿಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸಂಗೀತ ತಿಳಿಯದವರಿಗೂ ದಾರಿ ಕಾಣುವಂತಹ ಶೀರ್ಷಿಕೆಯನ್ನು ಇನ್ನೂ ಹುಡುಕುತ್ತಿದ್ದೇನೆ. ಅದು ಸಿಗುವವರೆಗೆ ಡಬ್ಬಿಯನ್ನು ಇಡುವುದಿಲ್ಲ.