ಎಷ್ಟು ಜಿಬಿ?

ದಾದರಿನಲ್ಲಿ ಗಾಡಿ ಬದಲಿಸುವಾಗ ಒಮ್ಮೆ, ಗ್ರಾಂಟ್ ರೋಡಿನಲ್ಲಿ ಇಳಿಯುವಾಗ ಇನ್ನೊಮ್ಮೆ, ಲ್ಯಾಮಿಂಗ್ಟನ್ ರೋಡಿನ ಪ್ರತಿ ಕೌಂಟರಿನಲ್ಲೂ ತಪ್ಪದೆ ಮತ್ತೊಮ್ಮೆ: "ಎಷ್ಟು ಜಿಬಿ?" ಗ್ರಾಫಿಕ್ಸ್ ಕಾರ್ಡ್, ಅಂದರೆ ಪರದೆಯ ಚಿತ್ರ ಬಿಡಿಸುವ ಬಿಡಿಭಾಗ, ಕೊಳ್ಳಲು ಹೊರಟ ಮುಂಬಯಿ ಕನ್ನಡಿಗರ ಜತೆ ಡೊಂಬಿವಲಿಯ ಭಾವ ಒಬ್ಬರು ಇದ್ದೇ ಇರುತ್ತಾರೆ. ಅವರ ಕಂಪ್ಯೂಟರ್ ಜ್ಞಾನ ಈ ಎರಡು ಶಬ್ದಗಳಲ್ಲಿ ಶುರುವಾಗಿ ಅಲ್ಲೇ ಮುಗಿಯುತ್ತದೆ. ರೇಷನ್ ಅಂಗಡಿಯಲ್ಲಿ ಅಕ್ಕಿ ಕೇಳುವ ಧಾಟಿ.

ಭಾವ, ಜಿಟಿ 1030 ಅಂತ ಒಂದು ಕಾರ್ಡಿದೆ. ಹೆಸರು ಒಂದೇ, ಬಗೆ ಎರಡು, ಎರಡರ ಮೆಮೊರಿಯೂ 2 ಜಿಬಿ. ಜಿಡಿಡಿಆರ್5 ಮೆಮೊರಿಯದ್ದು ಸೆಕೆಂಡಿಗೆ 48 ಜಿಬಿ ಸಾಗಿಸಿದರೆ ಡಿಡಿಆರ್4 ಇರುವುದು 17ನ್ನೂ ಮುಟ್ಟುವುದಿಲ್ಲ. ಉಗ್ರಾಣ ಅಷ್ಟೇ ದೊಡ್ಡದು, ಬಾಗಿಲು ಮಾತ್ರ ಬಚ್ಚಲ ಕಿಂಡಿ.

"ಹೌದಾ? ಅದ್ರಲ್ಲೇ 4 ಜಿಬಿದು ಸಿಗುದಿಲ್ವಾ?"

ಕೇಳಬೇಕಾದ್ದು ವ್ಯಾಟ್. ಮದರ್‌ಬೋರ್ಡಿನ ಕಾರ್ಡ್ ಕೂರಿಸುವ ಸ್ಲಾಟ್ ಕೊಡುವುದು 75 ವ್ಯಾಟ್, ಅಷ್ಟೇ. ಅದಕ್ಕಿಂತ ಹೆಚ್ಚು ಬೇಕಾದರೆ ಕಂಪ್ಯೂಟರಿಗೆ ಕರೆಂಟ್ ಹಂಚುವ ಎಸ್‌ಎಂಪಿಎಸ್‌ನಿಂದ ಬೇರೆ ವಯರ್ ಬರಬೇಕು: 6 ಪಿನ್ನಿನದು ಇನ್ನೊಂದು 75, 8 ಪಿನ್ನಿನದು 150. ಆರ್‌ಟಿಎಕ್ಸ್ 3060 ಎಂಬ ಕಾರ್ಡ್ ನುಂಗುವುದು 170 ವ್ಯಾಟ್, ಕಂಪನಿ ಹೇಳುವ ಎಸ್‌ಎಂಪಿಎಸ್ 550ರದು. ಆಫೀಸಿನವರು ಮಾರಿದ ಹಳೇ ಕಂಪ್ಯೂಟರಿನ ಸಪೂರ ಡಬ್ಬಿಯೊಳಗೆ ಸಾಮಾನ್ಯವಾಗಿ 240 ವ್ಯಾಟಿನದಿರುತ್ತದೆ, ಆ ವಯರಂತೂ ಇರುವುದೇ ಇಲ್ಲ. ಅಂಗಡಿ ಹುಡುಗ ಆಗ ಹಾರ್ಡ್ ಡಿಸ್ಕಿಗೆ ಕರೆಂಟ್ ಕೊಡುವ ಸಾಟಾ ವಯರಿನಿಂದ 8 ಪಿನ್ನಿಗೆ ಹೋಗುವ ಒಂದು ಕನೆಕ್ಟರ್ ತೆಗೆಯುತ್ತಾನೆ. "ಚಲ್ ಜಾಯೇಗಾ." ಸಾಟಾ ಕನೆಕ್ಟರಿನ 12 ವೋಲ್ಟಿನ ತಾಕತ್ತು 54 ವ್ಯಾಟ್. ಕಾರ್ಡ್ 150 ಎಳೆಯಿತೋ, ಮೊದಲು ವಾಸನೆ, ಆಮೇಲೆ ಪ್ಲಾಸ್ಟಿಕ್ಕಿನ ಪಾಯಸ.

ಮನೆಯಿಂದ ಹೊರಡುವ ಮೊದಲು ಹೊಲಿಗೆ ಡಬ್ಬಿಯ ಟೇಪ್ ಹಿಡಿದು ಕ್ಯಾಬಿನೆಟ್ಟಿನ ಹಿಂದಿನ ತಗಡಿನಿಂದ ಹಾರ್ಡ್ ಡಿಸ್ಕಿನ ಗೂಡಿನವರೆಗೆ ಅಳೆದಿದ್ದರೆ ಅರ್ಧ ಜಗಳ ತಪ್ಪುತ್ತಿತ್ತು. ಮೂರು ಫ್ಯಾನಿನ ಕಾರ್ಡುಗಳು 300 ಮಿಲಿಮೀಟರ್ ದಾಟುವುದುಂಟು. ಸಪೂರ ಡಬ್ಬಿಗಾದರೆ ಉದ್ದದ ಮಾತೇ ಬೇಡ, ಎತ್ತರ ಕಡಿಮೆಯ ಲೋ ಪ್ರೊಫೈಲ್ ಕಾರ್ಡೇ ಬೇಕು, ಜತೆಗೆ ಅದನ್ನು ಡಬ್ಬಿಗೆ ಬಿಗಿಯುವ ಗಿಡ್ಡ ಬ್ರಾಕೆಟ್. ಬ್ರಾಕೆಟ್ ಪೆಟ್ಟಿಗೆಯಲ್ಲಿದೆಯೇ ಎಂದು ಅಲ್ಲೇ ಬಿಚ್ಚಿ ನೋಡಿ.

ಇನ್ನು ಹಳೇ ಮಾನಿಟರಿನ ಆ ನೀಲಿ ವಿಜಿಎ ಕೇಬಲ್, ಅದು ಒಯ್ಯುವುದು ಅನಲಾಗ್ ಸಿಗ್ನಲ್. 2016ರ ಜಿಟಿಎಕ್ಸ್ 10 ಸರಣಿಯಿಂದ ಈ ಕಾರ್ಡುಗಳ ಚಿಪ್ ಮಾಡುವ ಎನ್‌ವಿಡಿಯಾ ಅನಲಾಗ್ ಸಿಗ್ನಲನ್ನೇ ಬಿಟ್ಟುಬಿಟ್ಟಿತು. ಹಳೇ ಮಾನಿಟರ್ ಬೇಕೇ ಬೇಕಾದರೆ ಒಳಗೆ ಚಿಪ್ ಇರುವ ಎಚ್‌ಡಿಎಂಐ–ವಿಜಿಎ ಕನ್ವರ್ಟರ್ ತರಬೇಕು. ಆ ನೀಲಿ ಕೇಬಲ್ಲಿಗೋ ಎರಡು ಬದಿಗೂ ತಿರುಪು, ಮನೆಗೆ ಮೊದಲ ಕಂಪ್ಯೂಟರ್ ಬಂದ ದಿನ ಎಲ್ಲರೂ ಸರದಿಯಲ್ಲಿ ಬೆರಳಿನಿಂದ ಬಿಗಿದದ್ದು. ಕಸ ಗುಡಿಸುವಾಗ ಟೇಬಲ್ ಅಲುಗಿದರೂ ಕಳಚುತ್ತಿರಲಿಲ್ಲ. ಎಚ್‌ಡಿಎಂಐ ಪೊರಕೆ ತಾಗಿದರೆ ಸಾಕು, ಕೈಬಿಡುತ್ತದೆ.

ಕೊನೆಗೆ ಕೇಬಲ್ ಸಿಕ್ಕಿಸುವ ಗೌರವ ಭಾವನಿಗೇ. ಹಳೇ ಅಭ್ಯಾಸಬಲದಿಂದ ಮದರ್‌ಬೋರ್ಡಿನ ಪೋರ್ಟಿಗೇ ತುರುಕುತ್ತಾರೆ. ಕೆಳಗೆ ಹೊಸ ಕಾರ್ಡಿನ ಪೋರ್ಟುಗಳು ರಬ್ಬರ್ ಮುಚ್ಚಳ ಹಾಕಿಕೊಂಡು ಕೂತಿವೆ. ಚಿತ್ರ ಬರುತ್ತದೆ. ಅದನ್ನು ಬಿಡಿಸುತ್ತಿರುವುದು ಪ್ರೊಸೆಸರಿನೊಳಗಿನ ನಿನ್ನೆಯ ಗ್ರಾಫಿಕ್ಸೇ. ಭಾವ ಎರಡು ಹೆಜ್ಜೆ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ, ವಾಲ್‌ಪೇಪರಿನ ಹುಲ್ಲುಗಾವಲನ್ನು ನೋಡುತ್ತಾರೆ.

"ನೋಡಿದಿಯಾ ಮಾರಾಯ? 8 ಜಿಬಿ ಅಂದ್ರೆ ಹೀಗೆ!"