ಹೆಬ್ಬೆಟ್ಟೊತ್ತಿದರೆ ಹತ್ತು ನಿಮಿಷ ಹಿಂದಕ್ಕೆ

ಭಾನುವಾರ ಖಾಲಿ ಬಿದ್ದಿರುವ ಆಫೀಸು, ಒಂದು ಫೋನು, ಒಂದು ಟ್ರೈಪಾಡು, ಪುಕ್ಕಟೆ ನಟಿಸಲು ಒಪ್ಪಿದ ಮೂವರು ಸಹೋದ್ಯೋಗಿಗಳು. ದಾವಣಗೆರೆಯಲ್ಲಿ ಹದಿನೈದು ನಿಮಿಷದ ವೈಜ್ಞಾನಿಕ ಹಾಸ್ಯಚಿತ್ರ ತೆಗೆಯಲು ಇಷ್ಟು ಸಾಕು. ರಾಕೆಟ್ಟಿನ ಆಸೆ ಮಾತ್ರ ಬಿಡಿ. ಪಕ್ಕದ ಜಿಲ್ಲೆಯ ಚಳ್ಳಕೆರೆ ಬಳಿ 2024ರ ಮಾರ್ಚ್ 22ರಂದು ಇಸ್ರೋದ ಪುಷ್ಪಕ್ ಎಂಬ ರೆಕ್ಕೆಯುಳ್ಳ ಮರುಬಳಕೆ ರಾಕೆಟ್ಟಿನ ಪ್ರಯೋಗ ಮಾದರಿ, ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಹೆಲಿಕಾಪ್ಟರು ಕೈಬಿಟ್ಟ ಮೇಲೆ ತಾನೇ ದಾರಿ ಸರಿಮಾಡಿಕೊಂಡು ರನ್‌ವೇಗೆ ಇಳಿದಿದೆ. ಆ ಸುದ್ದಿ ಕಂಡ ಜನರ ಮುಂದೆ ನೂಲು ಕಟ್ಟಿದ ರಾಕೆಟ್ ಹಾರಿಸಿದರೆ ಮರ್ಯಾದೆ ಉಳಿಯಲ್ಲ.

ಆಫೀಸಿನಲ್ಲಿ ಟೈಮ್ ಮೆಷಿನ್ ಆಗಲೇ ಇದೆ. ಬಾಗಿಲ ಪಕ್ಕದ ಹಾಜರಿ ಯಂತ್ರ! ಹೆಬ್ಬೆಟ್ಟು ಒತ್ತಿದವನು ಹತ್ತು ನಿಮಿಷ ಹಿಂದಕ್ಕೆ ಹೋಗುತ್ತಾನೆ, ಅಷ್ಟೇ ಕಥೆ. "ಯಾಕ್ರೀ ಲೇಟು?" ಅಂದರೆ "ಲೇಟೆಲ್ಲಿ ಸರ್, ನಾನಿನ್ನೂ ಬಂದೇ ಇಲ್ಲ" ಅನ್ನುವ ಗುಮಾಸ್ತ ಸಿಕ್ಕರೆ ಅರ್ಧ ಚಿತ್ರ ಮುಗಿದಂತೆ.

ಆದರೆ ಅಸಲಿ ಯಂತ್ರಕ್ಕೆ ಹೆಬ್ಬೆಟ್ಟು ಕೊಡಬೇಡಿ. ನೆಟ್‌ವರ್ಕ್ ಕೇಬಲ್ ಕಿತ್ತರೂ ಅದು ಲೆಕ್ಕ ಹೊಟ್ಟೆಯಲ್ಲಿಟ್ಟುಕೊಂಡು, ಮತ್ತೆ ಸಿಕ್ಕಿಸಿದ ತಕ್ಷಣ ಕಕ್ಕುತ್ತದೆ. ಭಾನುವಾರ ಒಬ್ಬನೇ ಮೂವತ್ತು ಸಲ ಹಾಜರಾದದ್ದನ್ನು ಸಂಬಳದ ವಿಭಾಗಕ್ಕೆ ವಿವರಿಸುವುದು ಚಿತ್ರ ತೆಗೆಯುವುದಕ್ಕಿಂತ ಕಷ್ಟ. ನೋಂದಣಿಯಾಗದ ಕಿರುಬೆರಳು ಒತ್ತಿ. "ಪ್ಲೀಸ್ ಟ್ರೈ ಎಗೇನ್" ಅನ್ನುವ ಸಂಭಾಷಣೆ ಯಂತ್ರದ ಕಡೆಯಿಂದ ಉಚಿತ.

ಯಂತ್ರದ ಸುತ್ತ ಭವಿಷ್ಯದ ಕಳೆ ಬರಲು ಥರ್ಮಾಕೋಲಿನ ಚೌಕಟ್ಟು ಮಾಡಿ. ಎಲ್ಲರೂ ಎಡವುವುದು ಇಲ್ಲೇ. ಬೆಳ್ಳಿ ಬಣ್ಣದ ಸ್ಪ್ರೇ ನೇರ ಹೊಡೆದರೆ ಅದರಲ್ಲಿನ ದ್ರಾವಕಕ್ಕೆ ಥರ್ಮಾಕೋಲ್ ಕರಗಿ, ಟೈಮ್ ಮೆಷಿನ್ನು ಇಲಿ ಕಡಿದ ರೊಟ್ಟಿಯಂತಾಗುತ್ತದೆ. ಮೊದಲು ಫೆವಿಕಾಲಿಗೆ ಸ್ವಲ್ಪ ನೀರು ಬೆರೆಸಿ ಎರಡು ಕೋಟು ಬಳಿದು ರಾತ್ರಿಯಿಡೀ ಒಣಗಿಸಿ, ಆಮೇಲೆ ನೀರಲ್ಲಿ ಬೆರೆಯುವ ಬಣ್ಣ ಹಚ್ಚಿ. ಒಳಗೆ ಎಲ್‌ಇಡಿ ಪಟ್ಟಿ. 24 ವ್ಯಾಟಿನ ಸುರುಳಿಗೆ 12 ವೋಲ್ಟಿನಲ್ಲಿ 2 ಆಂಪಿಯರ್ ಬೇಕು. ಹಳೇ ರೂಟರಿನ 1 ಆಂಪಿಯರ್ ಅಡಾಪ್ಟರ್ ಸಿಕ್ಕಿಸಿದರೆ ಬೆಳಕು ಮಂಕಾಗುತ್ತದೆ, ಅಡಾಪ್ಟರ್ ಕಾಯುತ್ತದೆ.

ಕ್ಯಾಮೆರಾ ಆನ್ ಮಾಡುತ್ತಲೇ ಟ್ಯೂಬ್‌ಲೈಟು ಕಣ್ಣು ಹೊಡೆಯಲು ಶುರುಮಾಡುತ್ತದೆ. ನಮ್ಮ ಕರೆಂಟು 50 ಹರ್ಟ್ಸ್, ಟ್ಯೂಬು ಸೆಕೆಂಡಿಗೆ ನೂರು ಸಲ ಮಿಡಿಯುತ್ತದೆ. ಫೋನಿನ ಶಟರ್ (ಒಂದು ಫ್ರೇಮಿಗೆ ಬೆಳಕು ಬಿಡುವ ಹೊತ್ತು) 1/60 ಸೆಕೆಂಡಿನಲ್ಲಿದ್ದರೆ ಲೆಕ್ಕ ತಾಳೆಯಾಗದೆ ಪಟ್ಟೆಗಳು ಓಡುತ್ತವೆ. ಸೆಕೆಂಡಿಗೆ 25 ಫ್ರೇಮು, ಶಟರ್ 1/50 ಇಟ್ಟರೆ ತೆಪ್ಪಗಾಗುತ್ತದೆ.

ಒಬ್ಬನೇ ಗುಮಾಸ್ತ ಹತ್ತು ನಿಮಿಷ ಹಿಂದಿನ ತನ್ನನ್ನೇ ಎದುರಾಗುವ ದೃಶ್ಯವಿದೆಯಲ್ಲ, ಅದೇ ಚಿತ್ರದ ಜೀವ, ಅದಕ್ಕೇ ಅರ್ಧ ದಿನ ಮೀಸಲಿಡಿ. ಟ್ರೈಪಾಡಿನ ಕಾಲುಗಳನ್ನು ನೆಲಕ್ಕೆ ಟೇಪು ಹಾಕಿ. ಫೋಕಸ್, ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್ ಮೂರನ್ನೂ ಲಾಕ್ ಮಾಡಿ. ಫ್ರೇಮಿನ ನಡುವೆ ಸ್ಟೀಲ್ ಬೀರುವಿನ ಅಂಚು ಬರಲಿ, ಎಡಿಟಿಂಗಿನಲ್ಲಿ ಎರಡು ಚಿತ್ರ ಹೊಲಿಯುವುದು ಆ ಗೆರೆಯ ಮೇಲೇ. ಮೊದಲು ಎಡಗಡೆ ನಟನೆ, ಅಂಗಿ ಬದಲಿಸದೆ ಬಲಗಡೆ. ಕೈಯೂ ಗೆರೆ ದಾಟಬಾರದು, ದಾಟಿದ ಬೆರಳು ತೆರೆಯ ಮೇಲೆ ತುಂಡಾಗುತ್ತದೆ. ಪರದೆ ಎಳೆಯದಿದ್ದರೆ ಬಿಸಿಲು ಸರಿದು, ಎಡಗಡೆ ಮಧ್ಯಾಹ್ನ, ಬಲಗಡೆ ಸಂಜೆ. ಕಾಲಯಾನದ ಚಿತ್ರ ಅಂತ ಎಷ್ಟು ಸಮರ್ಥಿಸಿಕೊಂಡರೂ ಯಾರೂ ನಂಬಲ್ಲ. ಫ್ಯಾನ್ ಗಾಳಿಗೆ ಕ್ಯಾಲೆಂಡರಿನ ಹಾಳೆ ಅಲುಗಿದರೂ ಕೆಟ್ಟಿತು.

ಹಾಗಂತ ಫ್ಯಾನು ಆರಿಸಿದರೆ ಏಪ್ರಿಲಿನ ದಾವಣಗೆರೆ ಸುಮ್ಮನಿರುತ್ತದೆಯೇ? ಪೌಡರು ಕುತ್ತಿಗೆಗೆ ಇಳಿಯುತ್ತದೆ. ಆದರೂ ಆರಿಸಲೇಬೇಕು, ಮಾತಿನಡಿ ಸೇರಿದ ಆ ಗರಗರ ಆಮೇಲೆ ಪೂರ್ತಿ ಹೋಗದು. ಎರಡನೇ ಫೋನನ್ನು ಏರ್‌ಪ್ಲೇನ್ ಮೋಡಿಗೆ ಹಾಕಿ, ಮಾತಾಡುವವನ ಹತ್ತಿರ ಫೈಲುಗಳ ಹಿಂದೆ ಅಡಗಿಸಿ ಧ್ವನಿ ಹಿಡಿಯಿರಿ. ಪ್ರತಿ ಶಾಟಿನ ಮೊದಲು ಚಪ್ಪಾಳೆ ತಟ್ಟಿದರೆ ಚಿತ್ರಕ್ಕೂ ಮಾತಿಗೂ ಗಂಟು ಹಾಕಲು ಸುಲಭ. ಖಾಲಿ ಕೋಣೆಯ ಮೌನವನ್ನೂ ಮೂವತ್ತು ಸೆಕೆಂಡ್ ಹಿಡಿದಿಡಿ, ಕತ್ತರಿ ಬಿದ್ದ ಕಡೆ ತೇಪೆಗೆ ಬೇಕು.

ಊಟದ ವ್ಯವಸ್ಥೆಯೂ ತಾಂತ್ರಿಕ ವಿಷಯವೇ. ಮಂಡಕ್ಕಿ-ಮೆಣಸಿನಕಾಯಿ ಸೆಟ್ಟಿನೊಳಗೆ ಬೇಡ. ಮೂಲೆಯಲ್ಲಿ ಒಬ್ಬ ಬಾಯಾಡಿಸಿದರೂ ಮೈಕಿಗೆ ಜಲ್ಲಿ ಸುರಿದಂತೆ ಕೇಳುತ್ತದೆ. ಬೆಣ್ಣೆದೋಸೆ ಸದ್ದು ಮಾಡಲ್ಲ, ಆದರೆ ತಿಂದ ಕೈ ಲೆನ್ಸಿಗೆ ತಾಗಿದರೆ ಮುಂದಿನ ಶಾಟಿನಲ್ಲಿ ಎಲ್ಲರ ತಲೆಗೂ ಪ್ರಭಾವಳಿ. ಗುಮಾಸ್ತನಿಗೆ ಚೆನ್ನಾಗಿಯೇ ಕಾಣುತ್ತದೆ, ಮ್ಯಾನೇಜರಿಗೆ ಒಪ್ಪಲ್ಲ.

ಗೋಡೆ ಗಡಿಯಾರದ ಸೆಲ್ಲು ತೆಗೆದು ಮುಳ್ಳು ಕೈಯಲ್ಲೇ ತಿರುಗಿಸಿ. 10:10 ಅಂದರೆ ವರ್ತಮಾನ, 10:00 ಅಂದರೆ ಭೂತ. ಪ್ಯಾಕಪ್ ಆದ ಮೇಲೆ ಸೆಲ್ಲು ಮರಳಿ ಹಾಕಿ. ಮರೆತರೆ ಸೋಮವಾರ ಹನ್ನೊಂದೂಕಾಲಿಗೆ ಬಂದವನೂ ಗೋಡೆಯ ಹತ್ತು ಗಂಟೆ ತೋರಿಸಿ, ನಿಮ್ಮ ಕಥೆಯ ಸಂಭಾಷಣೆಯನ್ನೇ ಮ್ಯಾನೇಜರಿಗೆ ಒಪ್ಪಿಸುತ್ತಾನೆ.