ವರ್ಷ ತುಂಬಿದ ಮಗುವಿಗೆ ಹಸುವಿನ ಹಾಲು ಬೇಡವೇ? ಒಂದು ಸ್ಪಷ್ಟನೆ

‘ಎರಡು ವರ್ಷದ ತನಕ ಡಬ್ಬದ ಹಾಲೇ ಕೊಡಿ, ಹಸುವಿನ ಹಾಲು ಮಗುವಿಗೆ ಜೀರ್ಣ ಆಗಲ್ಲ’ ಅನ್ನುವ ಮೆಸೇಜ್ ಕೋಲಾರದ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡುತ್ತಿದೆ. ಮನೆಮನೆಯಲ್ಲಿ ಹಸು ಕಟ್ಟುವ ಜಿಲ್ಲೆಯಲ್ಲಿ ಇಂಥ ಮಾತು!

ಇದು ತಪ್ಪು. ಹಸುವಿನ ಹಾಲು ಬೇಡ ಅನ್ನುವ ಮಾತು ಸರಿಯಾಗುವುದು ವರ್ಷದೊಳಗಿನ ಮಗುವಿಗೆ ಮಾತ್ರ. 12 ತಿಂಗಳಾದ ಮೇಲೆ ಡಬ್ಬದ ಹಾಲಿನ ಅಗತ್ಯವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿಯೂ ಹೀಗೇ ಹೇಳುತ್ತದೆ. ಎದೆಹಾಲು ಇದ್ದರೆ ಅದನ್ನು ಎರಡು ವರ್ಷ, ಇನ್ನೂ ಜಾಸ್ತಿ ದಿನವೂ ಮುಂದುವರಿಸಬಹುದು.

ಕರೆದ ಹಾಲನ್ನು ಚೆನ್ನಾಗಿ ಕಾಯಿಸಿ ಕೊಡಿ. ಅಜ್ಜಿ ಹೇಳಿದರೆಂದು ನೀರು ಬೆರೆಸಬೇಡಿ. ಕೆನೆ ತೆಗೆದ ಹಾಲೂ ಬೇಡ, ಈ ವಯಸ್ಸಿಗೆ ಕೊಬ್ಬು ಬೇಕು. ರುಚಿ ಒಗ್ಗದಿದ್ದರೆ ಮೊದಲು ಡಬ್ಬದ ಹಾಲಿಗೇ ಸ್ವಲ್ಪ ಬೆರೆಸಿ, ದಿನದಿನಕ್ಕೆ ಹೆಚ್ಚಿಸಿ. ಬಾಟಲಿ ಬಿಡಿಸಿ ಲೋಟ ಹಿಡಿಸಲೂ ಇದೇ ಸಮಯ.

ನಿಜವಾದ ಎಚ್ಚರಿಕೆ ಬೇರೆಯೇ ಇದೆ. ದಿನಕ್ಕೆ ಸುಮಾರು 500 ಮಿ.ಲೀ. ಸಾಕು. ಹಾಲಲ್ಲೇ ಹೊಟ್ಟೆ ತುಂಬಿದರೆ ಮಗು ಊಟ ಬಿಡುತ್ತದೆ, ಕಬ್ಬಿಣಾಂಶ ಕಡಿಮೆಯಾಗಿ ರಕ್ತಹೀನತೆ ಬರಬಹುದು. ಮುದ್ದೆ, ಸಾರು, ಬೇಳೆ, ಸೊಪ್ಪು, ಮೊಟ್ಟೆ ಮೊದಲು, ಹಾಲು ಆಮೇಲೆ. ಹಾಲು ಕುಡಿದರೆ ಮೈಮೇಲೆ ದದ್ದು ಏಳುತ್ತದೆ, ಮಲದಲ್ಲಿ ರಕ್ತ ಕಾಣುತ್ತದೆ ಅಂದರೆ ಹಾಲು ನಿಲ್ಲಿಸಿ, ಮಕ್ಕಳ ಡಾಕ್ಟರಿಗೆ ತೋರಿಸಿ.